ವಾಲುವ ನೆಲಕ್ಕೊಂದು ಆಸನ

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ನಿಂತು ಹಾಯಿದೋಣಿಯ ಮಾತೆತ್ತಿದರೆ ನಗಬೇಡಿ. ಈ ಕಟ್ಟಡ ಎದ್ದ ಜಾಗದಲ್ಲಿ ಹಿಂದೆ ಇದ್ದದ್ದು ಸಿದ್ದಿಕಟ್ಟೆಯ ನೀರು. ಈಗ ಅಲ್ಲಿ ಸೇವಂತಿಗೆಯ ರಾಶಿ. ಸುತ್ತಲ ಗಲ್ಲಿಗಳಲ್ಲಿ ಹಗ್ಗ, ಟಾರ್ಪಾಲು ಸಿಗುತ್ತವೆ. ನಡೆದೇ ಹೋಗುವಷ್ಟು ದೂರದ ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟು ಹೊಲಿಯುವವರಿದ್ದಾರೆ. ಕಾರವಾರದ ಗೆಳೆಯನೊಬ್ಬ ತಾನು ಕಟ್ಟುತ್ತಿರುವ 15 ಅಡಿಯ ಪ್ಲೈವುಡ್ ದೋಣಿಗೆ ಸಾಮಾನು ಹುಡುಕಿಕೊಂಡು ಬಂದದ್ದು ಇಲ್ಲಿಗೇ. ಅವನ ಚೀಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದ ಪದ: ಕಾಕ್‌ಪಿಟ್.

ವಿಮಾನ ಹುಟ್ಟುವ ಎಷ್ಟೋ ಮೊದಲೇ ಈ ಪದ ಹಡಗಿನವರ ಬಾಯಲ್ಲಿತ್ತು. ಅದಕ್ಕೂ ಮೊದಲು ಅದರ ಅರ್ಥ ಕೋಳಿ ಅಂಕದ ಗುಂಡಿ. ಸಣ್ಣ ದೋಣಿಯಲ್ಲಿ ಚುಕ್ಕಾಣಿ ಹಿಡಿದವನು ಕೂರುವ ತಗ್ಗಿಗೆ ಅದೇ ಹೆಸರು ನಿಂತಿತು. ಇಕ್ಕಟ್ಟನ್ನು ನೋಡಿದರೆ ಹೆಸರು ಒಪ್ಪುವಂಥದ್ದೇ.

ನಮ್ಮ ಮನೆಯ ಕುರ್ಚಿ ಸಮತಟ್ಟು ನೆಲವನ್ನು ನಂಬಿ ನಿಂತದ್ದು. ಹಾಯಿಗೆ ಗಾಳಿ ತುಂಬಿತೋ, ದೋಣಿ ಒಂದು ಪಕ್ಕಕ್ಕೆ ವಾಲುತ್ತದೆ, ಗಂಟೆಗಟ್ಟಲೆ ಹಾಗೇ ಓಡುತ್ತದೆ. ಆಗ ಮೇಲಿನ ಪಕ್ಕದಲ್ಲಿ ಕೂತವನನ್ನು ಜಾರದಂತೆ ಹಿಡಿಯುವುದು ಮೆತ್ತೆಯಲ್ಲ, ಎದುರಿನ ಆಸನದ ಅಂಚಿಗೆ ಒತ್ತಿದ ಅವನ ಪಾದ. ಆದ್ದರಿಂದ ಎರಡು ಆಸನಗಳ ನಡುವಣ ತಗ್ಗು ಎರಡಡಿ ದಾಟಿದರೆ ಕುಳ್ಳನ ಕಾಲು ಗಾಳಿಯಲ್ಲಿ; ತೀರಾ ಕಿರಿದಾದರೆ ಉದ್ದನೆಯವನ ಮೊಣಕಾಲು ಗದ್ದಕ್ಕೆ. ಬೆನ್ನಿಗೆ ಆಸರೆ ಕೊಂಚ ಹೊರಕ್ಕೆ ವಾಲಿರಬೇಕು. ಎಲ್ಲರೂ ಮರೆಯುವುದು ಚುಕ್ಕಾಣಿಯ ಹಿಡಿಯನ್ನು: ಅದು ಅತ್ತಿತ್ತ ಆಡಲು ಅರ್ಧ ಕಾಕ್‌ಪಿಟ್ಟನ್ನೇ ತಿನ್ನುತ್ತದೆ. ನಕ್ಷೆಯಲ್ಲಿ ನಾಲ್ವರು ಕೂರುವ ದೋಣಿ ನೀರಿಗಿಳಿದಾಗ ಇಬ್ಬರದಾಗುವುದು ಹೀಗೆ. ತಲೆಯ ಮೇಲೆ ಬೂಮ್, ಅಂದರೆ ಹಾಯಿಯ ಅಡಿಯಂಚು ಹಿಡಿಯುವ ಅಡ್ಡದಂಡ, ಬೇರೆ; ದೋಣಿ ತಿರುಗಿದಾಗ ಅದು ಯಾರ ಬುರುಡೆಯನ್ನೂ ವಿಚಾರಿಸುವುದಿಲ್ಲ.

ಇನ್ನು ನೀರು. ಒಂದೂವರೆ ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಆಳದ ತಗ್ಗು ಒಂದು ಅಲೆಗೆ ತುಂಬಿದರೆ 360 ಕಿಲೋ. ಐದಾರು ಮಂದಿ ಹೇಳದೆ ಕೇಳದೆ ಬಂದು ಹತ್ತಿದ ಹಾಗೆ. ಕಾಕ್‌ಪಿಟ್ಟಿನ ನೆಲ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ತೂತು ಕೊರೆದು ಬಿಟ್ಟರಾಯಿತು, ನೀರು ತಾನೇ ಹೋಗುತ್ತದೆ. ತೂತು ಎರಡೂ ಮೂಲೆಗೆ ಬೇಕು, ದೋಣಿ ಯಾವ ಕಡೆ ವಾಲುತ್ತದೋ ನೀರು ಆ ಕಡೆಗೇ ಸೇರುತ್ತದೆ. ನೆಲ ಕೆಳಗಿದ್ದರೆ ಅದೇ ತೂತಿನಿಂದ ನೀರು ಒಳಗೆ. ಸುರಕ್ಷೆಗಾಗಿ ನೆಲ ಎತ್ತಿದರೆ ಕೂತವನ ಮಂಡಿ ಎದೆಗೆ ಬರುತ್ತದೆ. ಈ ಜಗಳ ಇನ್ನೂ ಮುಗಿದಿಲ್ಲ. ಬ್ರೂಸ್ ಕರ್ಬಿ ರೂಪಿಸಿದ 'ಲೇಸರ್' ದೋಣಿಯ ತಗ್ಗು ಬರೀ ಪಾದ ಇಳಿಬಿಡುವಷ್ಟು. ಅಡಿಯಲ್ಲೊಂದು ಪುಟ್ಟ ಸಾಧನ, ದೋಣಿ ವೇಗ ಹಿಡಿದಾಗ ನೀರನ್ನು ಹೊರಗೆ ಹೀರಿ ಹಾಕುತ್ತದೆ.

ಬೆಂಗಳೂರಿಗರು ಹಾಯಿ ಕಾಣಬೇಕಾದರೆ ಹಲಸೂರು ಕೆರೆ ಇದೆ, ಮದ್ರಾಸ್ ಸ್ಯಾಪರ್ಸ್ ಸೈನಿಕರು ಅಭ್ಯಾಸ ಮಾಡುವ ನೀರು. ಈ ಸ್ಯಾಪರ್ಸ್ ಸೇರಿರುವ ಸೇನೆಯ ಇಂಜಿನಿಯರ್ಸ್ ದಳದ 37 ಅಡಿಯ ಹಾಯಿದೋಣಿ 'ತೃಷ್ಣಾ' 1985ರಿಂದ 1987ರೊಳಗೆ ಭೂಮಿ ಸುತ್ತಿ ಬಂತು. ಹಗಲು ರಾತ್ರಿ ಪಾಳಿಯಲ್ಲಿ ಒಬ್ಬರಲ್ಲ ಒಬ್ಬರು ಆ ತಗ್ಗಿನಲ್ಲಿ ಕೂತೇ ಇರಬೇಕಾದ ಪಯಣ ಅದು.

ಜೆ.ಸಿ. ರಸ್ತೆಯ ಸೀಟಿನ ಯಜಮಾನರು ದೋಣಿ ಎಂದಾಗ ಹುಬ್ಬೇರಿಸಲಿಲ್ಲ. ಕೇಳಿದ್ದು ಎರಡೇ ಮಾತು. "ಎಷ್ಟೊತ್ತು ಕೂರ್ತೀರ ಸಾರ್? ನೆನೆಯತ್ತಾ?" ನೆನೆಯುತ್ತದೆ ಎಂದದ್ದೇ ಸ್ಪಂಜನ್ನು ಪಕ್ಕಕ್ಕೆಸೆದರು. ಹವಾಯಿ ಚಪ್ಪಲಿಯ ಜಾತಿಯ, ನೀರು ಕುಡಿಯದ ಹಾಳೆಯೊಂದನ್ನು ಎಳೆದು ಹೆಬ್ಬೆರಳಲ್ಲಿ ಒತ್ತಿದರು. ಒತ್ತಿದ ಗುರುತು ಮೆಲ್ಲಗೆ ಮೇಲೆದ್ದಿತು. "ಇದು ಗಟ್ಟಿ ಅನ್ಸತ್ತೆ, ಆದ್ರೆ ಸಾಯಂಕಾಲಕ್ಕೆ ಸೊಂಟ ಬೈಯಲ್ಲ." ಹೊಲಿಗೆ ಮೇಲ್ಮೈಗೆ ಬಂದರೆ ಸೂಜಿತೂತಿನಿಂದ ನೀರಿಳಿಯುತ್ತದೆಂದು ಅದನ್ನು ಅಡಿಯಂಚಿಗೆ ಸರಿಸಿದ್ದೂ ಅವರೇ.

ಗೆಳೆಯ ವಾಲುವುದನ್ನು ಕೈಯಲ್ಲಿ ತೋರಿಸಿದ. ಯಜಮಾನರು ಹುಡುಗನನ್ನು ಕಳಿಸಿ ಎರಡು ಇಟ್ಟಿಗೆ ತರಿಸಿದರು, ಬೆಂಚಿನ ಒಂದು ಪಕ್ಕಕ್ಕೆ ಕೊಟ್ಟರು, ಎದುರಿಗೆ ಮರದ ಪೆಟ್ಟಿಗೆ ಇಟ್ಟರು. ಗೆಳೆಯ ಎತ್ತರದ ಪಕ್ಕಕ್ಕೆ ಕೂತು ಕಾಲೊತ್ತಿದ. ಜಾರಿದ. ಪೆಟ್ಟಿಗೆಯನ್ನು ನಾಲ್ಕು ಬೆರಳು ಹತ್ತಿರ ತಳ್ಳಿದರು. ಈ ಸಲ ನಿಂತ. ಯಜಮಾನರು ಕಿವಿಯ ಮೇಲಿದ್ದ ಸೀಮೆಸುಣ್ಣ ತೆಗೆದು, ಹಿಮ್ಮಡಿ ತಾಗಿದ ಕಡೆ ಫುಟ್‌ಪಾತಿನ ಮೇಲೇ ಒಂದು ಗೆರೆ ಎಳೆದರು. ಹೂವಿನ ಬುಟ್ಟಿ ಹೊತ್ತವನೊಬ್ಬ ದಾರಿ ಬಿಡಿ ಎಂದು ಕೂಗುವಷ್ಟರಲ್ಲಿ ಟೇಪು ಹಿಡಿದು ಅಳತೆ ಬರೆದುಕೊಂಡಾಗಿತ್ತು.