ಎರಡು ಸಲ ನೋಡುವ ವಿದ್ಯೆ



ಸುರೇಬಾನದ ಮಕ್ಕಳಿಗೆ ಒಮ್ಮೆ ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿಯ ಚಿತ್ರವೊಂದನ್ನು ತೋರಿಸಿದ್ದೆ. ‘ಸರ್, ಇದು ತಿಳೀಬೇಕಾದ್ರ ಏನು ಓದಿರಬೇಕ್ರಿ?’ ಎಂದು ಹುಡುಗಿಯೊಬ್ಬಳು ಕೇಳಿದಳು. ವಿಜ್ಞಾನ ಓದಿದ ನನಗೂ ಹಿಂದೆ ಅದೇ ಅಳುಕಿತ್ತು.

ಉತ್ತರ ನಿಮ್ಮೂರಿಗೆ ಹತ್ತಿರದಲ್ಲೇ ಇದೆ. 6ನೇ ಶತಮಾನದ ಬಾದಾಮಿಯ ಮೊದಲನೆಯ ಗುಹೆಯಲ್ಲಿ, ದ್ವಾರಪಾಲಕನ ಕೆಳಗೆ ಆನೆಗೂ ಎತ್ತಿಗೂ ಒಂದೇ ತಲೆ. ಎಡದಿಂದ ನೋಡಿದರೆ ಆನೆ, ಬಲದಿಂದ ನೋಡಿದರೆ ಎತ್ತು. ಕಲ್ಲು ಬದಲಾಗುವುದಿಲ್ಲ, ಅದೇ ಗೆರೆಗಳಿಗೆ ನಮ್ಮ ಮಿದುಳು ಬೇರೆ ಅರ್ಥ ಕೊಡುತ್ತದೆ.

ಡಾಲಿ (1904–1989) ಬಳಸಿದ್ದೂ ಇದೇ ಗುಟ್ಟನ್ನು. ಕನಸಿನ ತರ್ಕವನ್ನು ಕಲೆಗೆ ತರಬೇಕೆಂದು 1924ರಲ್ಲಿ ಪ್ಯಾರಿಸ್ಸಿನಲ್ಲಿ ಘೋಷಿಸಿಕೊಂಡ ಪಂಥ ಅತಿವಾಸ್ತವವಾದ. ಆ ಪಂಥದ ಡಾಲಿ 1937ರಲ್ಲಿ ಕೊಳದ ಹಂಸಗಳನ್ನು ಚಿತ್ರಿಸಿದ. ನೀರಿನ ಪ್ರತಿಬಿಂಬದಲ್ಲಿ ಹಂಸದ ಕೊರಳು ಆನೆಯ ಸೊಂಡಿಲಾಗುತ್ತದೆ, ಮೈ ಕಿವಿಯಾಗುತ್ತದೆ, ಹಿಂದಿನ ಮರಗಳು ಕಾಲುಗಳಾಗುತ್ತವೆ. 1967ರಲ್ಲಿ ಏರ್ ಇಂಡಿಯಾಕ್ಕೆ ಮಾಡಿಕೊಟ್ಟ ಆಶ್‌ಟ್ರೇಯಲ್ಲೂ ಇದೇ ಹಂಸ, ಇದೇ ಆನೆ. ಪ್ರತಿಫಲವಾಗಿ ಆತ ಕೇಳಿದ್ದು ಒಂದು ಆನೆಮರಿ! ಅದು ಬೆಂಗಳೂರಿನಿಂದ ವಿಮಾನದಲ್ಲಿ ಹೋಯಿತು. ಕಲಾವಿದನನ್ನು ಮೆಚ್ಚುವಾಗ, ಆ ಮರಿಗೆ ಏನನಿಸಿತೋ ಎಂದು ಕೇಳಿಕೊಳ್ಳುವುದೂ ನೋಟದ ಭಾಗವೇ.

ಡಾಲಿಯ ಹುಟ್ಟೂರು ಫಿಗೇರಸ್. ಅಂತರ್ಯುದ್ಧದ ಕೊನೆಯಲ್ಲಿ, 1939ರಲ್ಲಿ, ಸುಟ್ಟುಹೋದ ಅಲ್ಲಿನ ರಂಗಮಂದಿರವನ್ನೇ ಆತ ತನ್ನ ವಸ್ತುಸಂಗ್ರಹಾಲಯವಾಗಿಸಿದ. ಅದು ತೆರೆದದ್ದು 1974ರಲ್ಲಿ. ಅವನ ಸಮಾಧಿಯೂ ಅಲ್ಲೇ ಇದೆ. ಒಂದು ಕೋಣೆಯಲ್ಲಿ ತುಟಿಯಾಕಾರದ ಸೋಫಾ, ಮೂಗಿನಂಥ ಅಗ್ಗಿಷ್ಟಿಕೆ, ಗೋಡೆಯ ಮೇಲೆ ಎರಡು ಚಿತ್ರಗಳಿವೆ. ಮೆಟ್ಟಿಲೇರಿ ಮಸೂರದ ಮೂಲಕ ನೋಡಿದರೆ ಇಡೀ ಕೋಣೆ ನಟಿ ಮೇ ವೆಸ್ಟಳ ಮುಖವಾಗುತ್ತದೆ!

ಇಂಥ ಸಂಗ್ರಹಾಲಯಕ್ಕೆ ಹೋದಾಗ ಎಲ್ಲವನ್ನೂ ನೋಡಿ ಮುಗಿಸುವ ಅವಸರ ಬೇಡ. ಒಂದು ಕೃತಿಯ ಮುಂದೆ ನಿಲ್ಲಿ. ಹತ್ತಿರದಿಂದ ನೋಡಿ, ದೂರ ಸರಿದು ನೋಡಿ. ಕಂಡದ್ದನ್ನು ಬರೆದುಕೊಂಡ ಮೇಲೆ ಫಲಕ ಓದಿ. ‘ಇದರ ಅರ್ಥವೇನು?’ ಎನ್ನುವ ಮೊದಲು ‘ನನಗೆ ಏನು ಕಂಡಿತು?’ ಎಂದು ಕೇಳಿಕೊಳ್ಳಿ.

ಫಿಗೇರಸ್ ದೂರವಿರಬಹುದು, ಬಾದಾಮಿ ದೂರವಿಲ್ಲ. ಆ ಹುಡುಗಿಗೆ ನಾನು ಹೇಳಿದ್ದಿಷ್ಟೇ: ಓದು ಆಮೇಲೂ ಆದೀತು, ಮೊದಲು ಎರಡು ಸಲ ನೋಡು.