ಗಾಂಜಾ ಬೆಳೆ ಕೀಳುವ ಕೆಲಸಕ್ಕೆ ದುಡ್ಡು ಎಲ್ಲಿಂದ? ಹೊಲದವರ ಪಾಲೇನು?

ಮನೆ ಹುಬ್ಬಳ್ಳಿಯಲ್ಲಿ, ಹೊಲ ಕುಂದಗೋಳದಲ್ಲೋ ಕಲಘಟಗಿಯಲ್ಲೋ. ಲಾವಣಿಗೆ ಕೊಟ್ಟಿದ್ದೀರಿ, ವರ್ಷಕ್ಕೆ ಎರಡು ಸಲ ಹೋಗಿ ನೋಡಿ ಬರುತ್ತೀರಿ. ಆಳೆತ್ತರದ ಗೋವಿನಜೋಳದ ನಡುವೆ ನಾಲ್ಕು ಗಾಂಜಾ ಗಿಡ ಎದ್ದಿದ್ದರೆ ರಸ್ತೆಯಿಂದ ಕಾಣುವುದಿಲ್ಲ. ಅದನ್ನು ಹುಡುಕಿ ಕೀಳುವ ಕೆಲಸ ಹೇಗೆ ನಡೆಯುತ್ತದೆ, ಅದಕ್ಕೆ ಹಣ ಯಾರು ಕೊಡುತ್ತಾರೆ ಎಂದು ತಿಳಿದಿದ್ದರೆ ನಿಮಗೇ ಅನುಕೂಲ.

ಮೊದಲು ಕಾನೂನು. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತು ತಡೆ ಕಾಯ್ದೆ, ಪರವಾನಗಿ ಇಲ್ಲದೆ ಗಾಂಜಾ ಗಿಡ ಬೆಳೆಸುವುದನ್ನು ನಿಷೇಧಿಸಿದೆ. ‘ಹಿತ್ತಲಲ್ಲಿ ಒಂದೇ ಗಿಡ ಇದ್ದರೆ?’ ಎಂದು ಕೇಳಬಹುದು. ಒಂದು ಗಿಡವೂ ಬೆಳೆಯೇ. ಶಿಕ್ಷೆ 10 ವರ್ಷದವರೆಗೆ ಕಠಿಣ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ.

ಇನ್ನು ಹಣ. ಠಾಣೆಯ ಸಂಬಳ, ದಿನನಿತ್ಯದ ಖರ್ಚು ರಾಜ್ಯ ಬಜೆಟ್‌ನದು. ಅದರ ಮೇಲೆ ಕೇಂದ್ರದ ನೆರವು ಬರುವ ದಾರಿಗಳಿವೆ. ಒಂದು, ಮಾದಕ ವಸ್ತು ನಿಯಂತ್ರಣಕ್ಕೆಂದೇ ರಾಜ್ಯಗಳಿಗೆ ಅನುದಾನ ಕೊಡಲು 2004ರಲ್ಲಿ ಆರಂಭವಾದ ಯೋಜನೆ. ಗಸ್ತು ವಾಹನ, ಕಣ್ಗಾವಲು ಉಪಕರಣ, ಪ್ರಯೋಗಾಲಯದ ಸಲಕರಣೆ, ಕಂಪ್ಯೂಟರ್ ಕೊಳ್ಳಲು ಈ ಯೋಜನೆಯಡಿ ನೆರವು ಸಿಕ್ಕಿದೆ. ಎರಡು, ಪೊಲೀಸ್ ಆಧುನೀಕರಣ ಯೋಜನೆ. ಇದರಲ್ಲಿ ಕರ್ನಾಟಕದಂಥ ರಾಜ್ಯಗಳಿಗೆ ನೂರು ರೂಪಾಯಿಯಲ್ಲಿ 60 ಕೇಂದ್ರದ್ದು, 40 ರಾಜ್ಯದ್ದು. ಮೂರು, ಕಾಯ್ದೆಯ 7ಎ ಕಲಮಿನ ರಾಷ್ಟ್ರೀಯ ನಿಧಿ. ಕಳ್ಳಸಾಗಣೆ ತಡೆ, ಜಾಗೃತಿ, ವ್ಯಸನಿಗಳ ಚಿಕಿತ್ಸೆ ಇವೆಲ್ಲ ಅದರ ವ್ಯಾಪ್ತಿಯಲ್ಲಿವೆ.

ಇಂಥ ಅನುದಾನಕ್ಕೆ ನಿಮ್ಮೂರ ಠಾಣೆ ನೇರವಾಗಿ ದಿಲ್ಲಿಗೆ ಅರ್ಜಿ ಹಾಕುವುದಿಲ್ಲ. ಪ್ರಸ್ತಾವ ರಾಜ್ಯ ಸರ್ಕಾರದ ಮೂಲಕ ಹೋಗಬೇಕು. ಜಿಲ್ಲೆಯ ಮಟ್ಟದಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಎನ್‌ಕಾರ್ಡ್ ಸಮಿತಿ ಇದೆ. ಪೊಲೀಸ್, ಅಬಕಾರಿಯಂಥ ಇಲಾಖೆಗಳನ್ನು ಒಂದೇ ಮೇಜಿಗೆ ತರುವುದು ಅದರ ಕೆಲಸ.

ಆದರೆ ಅನುದಾನದಿಂದ ಜೀಪು ಬರುತ್ತದೆ, ಯಾವ ಹೊಲಕ್ಕೆ ಹೋಗಬೇಕು ಎಂಬ ಸುಳಿವು ಬರುವುದಿಲ್ಲ. ಅದು ಊರಿನಿಂದಲೇ ಬರಬೇಕು. 46ನೇ ಕಲಮಿನ ಪ್ರಕಾರ ತನ್ನ ಜಮೀನಿನಲ್ಲಿ ಗಾಂಜಾ ಬೆಳೆದಿರುವುದು ಗೊತ್ತಾದ ಕೂಡಲೇ ಅಧಿಕಾರಿಗಳಿಗೆ ತಿಳಿಸುವುದು ಹೊಲದವನ ಕರ್ತವ್ಯ. ಗೊತ್ತಿದ್ದೂ ಸುಮ್ಮನಿದ್ದರೆ ಶಿಕ್ಷೆ ಇದೆ. ಗ್ರಾಮದ ಅಧಿಕಾರಿಗಳಿಗೂ ಪಂಚರಿಗೂ 47ನೇ ಕಲಮು ಇದೇ ಹೊಣೆ ಹೊರಿಸಿದೆ.

ಗಿಡ ಗುರುತಿಸುವುದು ಹೇಗೆ? ದೂರದಿಂದ ಅದು ನಮ್ಮ ಪುಂಡಿಯಂತೆ ಕಾಣುತ್ತದೆ. ಎರಡರ ಎಲೆಯೂ ಬೆರಳು ಬಿಡಿಸಿದ ಅಂಗೈಯಂತೆ. ಹತ್ತಿರ ಹೋಗಿ ನೋಡಿ. ಪುಂಡಿಗೆ ಮಧ್ಯದಲ್ಲಿ ಕಪ್ಪುಗೆಂಪು ಕಣ್ಣಿರುವ ಅಗಲವಾದ ಹೂವು. ಗಾಂಜಾಕ್ಕೆ ಎದ್ದು ಕಾಣುವ ಹೂವಿಲ್ಲ. ತುದಿಯಲ್ಲಿ ಅಂಟಂಟಾದ ಹಸಿರು ಗೊಂಚಲು, ಮೂಗಿಗೆ ಹೊಡೆಯುವ ವಾಸನೆ. ಅನುಮಾನ ಬಂದರೆ ಕೀಳಬೇಡಿ, ಸುಡಬೇಡಿ, ಮನೆಗೆ ತರಲೇಬೇಡಿ. ಅದು ಸಾಕ್ಷ್ಯ. ಅಧಿಕಾರಿಗಳು ಬಂದು ಮಹಜರು ಮಾಡಿ ಜಪ್ತಿ ಮಾಡುತ್ತಾರೆ. ಆಮೇಲೆ ಮ್ಯಾಜಿಸ್ಟ್ರೇಟರ ಎದುರು ಪಟ್ಟಿ ದೃಢೀಕರಿಸಿ ಮಾದರಿ ತೆಗೆಯಲಾಗುತ್ತದೆ, ಉಳಿದದ್ದನ್ನು ನಿಯಮದಂತೆ ನಾಶ ಮಾಡಲಾಗುತ್ತದೆ.

‘ಹೆಸರು ಹೊರಬಿದ್ದರೆ ವೈರ ಕಟ್ಟಿಕೊಂಡಂತೆ’ ಎಂಬ ಹೆದರಿಕೆ ಸಹಜ. ಮಾಹಿತಿ ಯಾರಿಂದ ಬಂತು ಎಂದು ಹೇಳುವಂತೆ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ ಎನ್ನುತ್ತದೆ 68ನೇ ಕಲಮು.

ತಿಳಿಸಲು ಒಂದು ಪೈಸೆಯೂ ಖರ್ಚಿಲ್ಲ. ತುರ್ತಿಗೆ 112 ಇದೆ. 2024ರ ಜುಲೈನಲ್ಲಿ ಆರಂಭವಾದ ‘ಮಾನಸ್’ ಸಹಾಯವಾಣಿ 1933, ಹಗಲು ರಾತ್ರಿ ಸಿಗುತ್ತದೆ. ಸೈಬರ್, ಆರ್ಥಿಕ, ಮಾದಕ ಅಪರಾಧಗಳಿಗೆಂದೇ ಇರುವ ಸೆನ್ ಠಾಣೆಗೋ ಅಬಕಾರಿ ಕಚೇರಿಗೋ ಹೋಗಿಯೂ ಹೇಳಬಹುದು. ಮನೆಯ ಹುಡುಗ ಚಟಕ್ಕೆ ಬಿದ್ದಿದ್ದರೆ ಮುಚ್ಚಿಡಬೇಡಿ; ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ.

ಈ ಸಲ ಲಾವಣಿ ಹಣ ಇಸಿದುಕೊಳ್ಳಲು ಹೋದಾಗ ಬದುವಿನಲ್ಲೇ ನಿಂತು ಮರಳಬೇಡಿ. ಬೆಳೆಯ ನಡುವೆ ಒಂದು ಸುತ್ತು ಹಾಕಿ ಬನ್ನಿ.