ವಾದ್ಯ ತುಟಿಗೆ ಬರಲಿ, ಕೊರಳು ಬಾಗದಿರಲಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ - ಕಲಬುರಗಿ ಸೀಮೆಯ ಈ ಊರುಗಳಲ್ಲಿ ಲಗ್ನದ ಮೆರವಣಿಗೆ ಹೊರಟಿತೆಂದರೆ ನಮ್ಮ ಕಿವಿ ಬ್ಯಾಂಡಿನ ಹಾಡಿನ ಕಡೆಗೆ. ಕಣ್ಣು ವರನ ಕಡೆಗೆ. ಕ್ಲಾರಿಯೋನೆಟ್ ಹಿಡಿದು ತಾಸುಗಟ್ಟಲೆ ನಡೆಯುವ ವಾದಕನ ಕೊರಳನ್ನು ನೋಡುವವರಾರು?

ಸಾಮಾನ್ಯ ಕ್ಲಾರಿಯೋನೆಟ್ಟಿನ ತೂಕ ಸುಮಾರು 800 ಗ್ರಾಂ. ಹೆಚ್ಚೇನಲ್ಲವೆಂದು ತೋರಬಹುದು. ಆದರೆ ಆ ಭಾರದ ಬಹುಪಾಲನ್ನು ಹೊರುವುದು ಬಲಗೈಯ ಹೆಬ್ಬೆರಳೊಂದೇ! ದಿನವೂ ಹೀಗೆ ಹೊತ್ತರೆ ಬೆರಳು, ಮಣಿಕಟ್ಟು, ಹೆಗಲು ಒಂದೊಂದಾಗಿ ನೋಯತೊಡಗುತ್ತವೆ. ಕಲೆಯೆಂದ ಮೇಲೆ ನೋವು ಇದ್ದದ್ದೇ ಎಂದು ಸುಮ್ಮನಾದವನು ಕಡೆಗೆ ವಾದ್ಯವನ್ನೇ ಕೆಳಗಿಡಬೇಕಾದೀತು. ಅದು ಅವನ ಅನ್ನದ ಪ್ರಶ್ನೆ.

ಕ್ಲಾರಿಯೋನೆಟ್ಟಿನ ಹಿರಿಯಣ್ಣ ಬಾಸ್ ಕ್ಲಾರಿಯೋನೆಟ್. ಅದರ ದನಿ ಒಂದು ಸ್ಥಾಯಿ ಕೆಳಗೆ. ಗಾತ್ರವೋ ಬಹಳ ದೊಡ್ಡದು. 1838ರಲ್ಲಿ ಬೆಲ್ಜಿಯಂ ದೇಶದ ಅಡಾಲ್ಫ್ ಸಾಕ್ಸ್ ಅದನ್ನು ತಿದ್ದಿ ಇಂದಿನ ರೂಪಕ್ಕೆ ತಂದನು. ಇದನ್ನು ಹೆಬ್ಬೆರಳು ಹೊರಲಾರದು. ಆದುದರಿಂದ ನೆಲಕ್ಕೆ ಊರುವ ಲೋಹದ ಕಡ್ಡಿಯೊಂದು ಕೆಳಗೆ, ಬಾಗಿದ ಲೋಹದ ಕೊರಳೊಂದು ಮೇಲೆ. ವಾದಕನ ಸುಖದುಃಖವೆಲ್ಲ ಇವೆರಡರ ಹೊಂದಾಣಿಕೆಯಲ್ಲಿದೆ. ಕಡ್ಡಿ ಗಿಡ್ಡವಾದರೆ ತಲೆ ಬಾಗುತ್ತದೆ. ಉದ್ದವಾದರೆ ಗದ್ದ ಮೇಲೇಳುತ್ತದೆ. ಎರಡರಲ್ಲಿಯೂ ಗಂಟಲು ಬಿಗಿದು ನಾದ ಸೊರಗುತ್ತದೆ. ವಾದ್ಯದ ಕೊರಳು ಬಾಗಿರುವ ಕೋನಕ್ಕೆ ತಕ್ಕಂತೆ ರೀಡು ತುಟಿಗೆ ತಾಗುವ ರೀತಿಯೂ ಬದಲಾಗುವುದರಿಂದ, ಬೇರೆ ಬೇರೆ ಬಾಗಿನ ಕೊರಳುಗಳನ್ನು ತಯಾರಿಸುವವರಿದ್ದಾರೆ.

ಸರಿಯಾದ ಕ್ರಮ ಸರಳವಾದುದು. ಮೊದಲು ವಾದ್ಯವಿಲ್ಲದೆ ಕುರ್ಚಿಯ ಅಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಬೇಕು. ಪಾದಗಳೆರಡೂ ನೆಲಕ್ಕೆ ತಾಗಿರಲಿ, ಹೆಗಲು ಸಡಿಲವಾಗಿರಲಿ, ದೃಷ್ಟಿ ಎದುರಿಗಿರಲಿ. ಆಮೇಲೆ ವಾದ್ಯವನ್ನು ತುಟಿಯ ಬಳಿಗೆ ತಂದು, ಅದಕ್ಕೆ ಸರಿಯಾಗಿ ಕಡ್ಡಿಯನ್ನು ಬಿಗಿಯಬೇಕು. ನಿಂತು ನುಡಿಸುವವರಿಗೆ ಕತ್ತಿನ ಪಟ್ಟಿಗಿಂತ ಎರಡು ಹೆಗಲಿಗೂ ಭಾರ ಹಂಚುವ ಪಟ್ಟಿಯೇ ಲೇಸು.

ಇದೇ ಸಾಕ್ಸ್ 1846ರಲ್ಲಿ ಹಕ್ಕು ಪಡೆದ ಸ್ಯಾಕ್ಸೊಫೋನನ್ನು ನಮ್ಮ ಕದ್ರಿ ಗೋಪಾಲನಾಥರು (1949-2019) ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕಥೆ ವಾಚಕರಿಗೆ ತಿಳಿದದ್ದೇ. ಬಂಟ್ವಾಳ ತಾಲ್ಲೂಕಿನ ನಾಗಸ್ವರ ವಾದಕರ ಮಗನಾದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ದನಿ ಕೇಳಿ ಮರುಳಾದರು. ಅವರು ರಾಗವನ್ನು ಒಗ್ಗಿಸಿದ್ದನ್ನು ಎಲ್ಲರೂ ಹೊಗಳುತ್ತಾರೆ. ಕುಳಿತ ಭಂಗಿಯನ್ನು ಒಗ್ಗಿಸಿದ್ದನ್ನು ನೆನೆಯುವವರು ಕಡಿಮೆ. ನಿಂತು ಅಥವಾ ಕುರ್ಚಿಯಲ್ಲಿ ಕುಳಿತು ನುಡಿಸಲೆಂದು ಹುಟ್ಟಿದ ವಾದ್ಯವನ್ನು ಅವರು ಚಕ್ಕಳಮಕ್ಕಳ ಹಾಕಿ ಕುಳಿತು, ಕಚೇರಿಯುದ್ದಕ್ಕೂ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಚೇರಿಯಲ್ಲಿಯೂ ಅವರ ವಾದ್ಯ ಮೊಳಗಿತು.

ಮನೆಯ ಮಗುವಿಗೆ ಊದುವ ವಾದ್ಯ ಕೊಡಿಸಿದ ತಾಯಿತಂದೆಗಳು ಸ್ವರ ಶುದ್ಧವಾಯಿತೇ ಎಂದು ಕೇಳುವ ಮೊದಲು ಅದರ ಕತ್ತು ನೆಟ್ಟಗಿದೆಯೇ ಎಂದು ನೋಡಲಿ. ಕುಳಿತ ರೀತಿ ಸರಿಪಡಿಸಿದ ಮೇಲೂ ನೋವು ಉಳಿದರೆ ವೈದ್ಯರಿಗೆ ತೋರಿಸುವುದೇ ವಿವೇಕ. ಉಸಿರು ಸಾಗುವ ಹಾದಿ ಬಾಗದಿದ್ದರೆ ಸ್ವರವೂ ಸೊರಗದು.